ಕೆಂಪು ಜಲ್ಲಿಯ ರಾಮಕಿಂಕರ

ಕುಂದಾಪುರದ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಬಾವಿಕಟ್ಟೆಯಿಂದ ಹಟ್ಟಿಯ ತನಕ ಒಂದು ಗೋಡೆಯಿತ್ತು. ಗಾರೆ ಕಾಣದ, ಬರೀ ಮುರಕಲ್ಲಿನ, ಎಂದರೆ ಕೆಂಪು ಜಂಬಿಟ್ಟಿಗೆಯ ಗೋಡೆ. ಓಡುವಾಗ ಮೊಣಕೈ ತಾಗಿದರೆ ಮುಗಿಯಿತು, ಕಾಯಿ ತುರಿದ ಹಾಗೆ ಚರ್ಮ ತುರಿದುಕೊಂಡು ಹೋಗುತ್ತಿತ್ತು. ಅಜ್ಜಿ ಗಾಯಕ್ಕೆ ತೆಂಗಿನೆಣ್ಣೆ ಹಚ್ಚುತ್ತ ನಮಗೇ ಬಯ್ಯುತ್ತಿದ್ದರು. ಗೋಡೆಯ ತಪ್ಪೇನೂ ಇರಲಿಲ್ಲ. ಮೈತುಂಬ ತೂತು, ತೂತಿನೊಳಗೆ ಹಳದಿ ಮಣ್ಣು, ಮಳೆಗಾಲದಲ್ಲಿ ಪಾಚಿ, ಬೇಸಿಗೆಯಲ್ಲಿ ಕೆಂಪು ಧೂಳು. ಆ ಗೋಡೆಯನ್ನು ಚಂದವೆಂದು ಯಾರಾದರೂ ಹೊಗಳಿದ್ದು ನನಗೆ ನೆನಪಿಲ್ಲ. ಊರಿನಲ್ಲಿ ಯಾರ ಕೈಯಲ್ಲಾದರೂ ನಾಲ್ಕು ಕಾಸು ಆಡತೊಡಗಿದರೆ ಅವರು ಮೊದಲು ಮಾಡುತ್ತಿದ್ದ ಕೆಲಸವೇ ಮುರಕಲ್ಲಿಗೆ ಗಾರೆ ಬಳಿಸಿ ಸುಣ್ಣ ಹೊಡೆಸುವುದು.

ಆ ಗೋಡೆ ನನಗೆ ಮತ್ತೆ ಎದುರಾದದ್ದು ಎರಡು ದಿನದ ರೈಲು ಪ್ರಯಾಣದಾಚೆ, ಬಂಗಾಳದಲ್ಲಿ, ರವೀಂದ್ರನಾಥ ಠಾಕೂರರ ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನದ ಅಂಗಳದಲ್ಲಿ. ಅಲ್ಲಿ ಅದು ನಡೆಯುತ್ತಿತ್ತು. ಗಂಡಸೊಬ್ಬ ಹೆಗಲ ಮೇಲೆ ಅಡ್ಡೆ ಹೊತ್ತು ಹೊರಟಿದ್ದಾನೆ. ಪಕ್ಕದಲ್ಲಿ ಅವನ ಹೆಂಡತಿ, ತಲೆಯ ಮೇಲೆ ಹೊರೆ, ಸೊಂಟದಲ್ಲಿ ಕೂಸು. ಅಡ್ಡೆಯ ಬುಟ್ಟಿಯಲ್ಲಿ ಇನ್ನೊಂದು ಮಗು. ಕಾಲಬಳಿ ನಾಯಿ. ಮನುಷ್ಯರ ಅಳತೆಗಿಂತ ದೊಡ್ಡ ಆಕೃತಿಗಳು, ಆದರೆ ಎತ್ತರದ ಪೀಠವೇನಿಲ್ಲ, ಹೆಚ್ಚುಕಡಿಮೆ ನಾವು ನಿಂತ ನೆಲದಲ್ಲೇ ಅವರ ಹೆಜ್ಜೆ. ಮೈಯೆಲ್ಲ ಒರಟು ಜಲ್ಲಿ, ಜಲ್ಲಿಯ ನಡುವೆ ಕೆಂಪು ಛಾಯೆ. ಮುಟ್ಟುವಂತಿರಲಿಲ್ಲ. ಆದರೂ ನನ್ನ ಮೊಣಕೈ ಚುರುಕ್ ಎಂದಿತು.

ಶಿಲ್ಪಿ ರಾಮಕಿಂಕರ ಬೈಜ್ ಈ ‘ಸಂತಾಲ ಕುಟುಂಬ’ವನ್ನು ಮಾಡಿದ್ದು 1938ರಲ್ಲಿ. ಸಂತಾಲರು ಆ ಸೀಮೆಯ ಬುಡಕಟ್ಟಿನವರು. ಭಾರತದ ಮೊದಲ ಆಧುನಿಕ ಬಯಲು ಶಿಲ್ಪವೆಂದು ಅದನ್ನು ಕರೆಯುವುದು ವಾಡಿಕೆ. ನನಗೆ ಈ ‘ಮೊದಲ’ ಎಂಬ ಪಟ್ಟಗಳ ಮೇಲೆ ಅಷ್ಟೇನೂ ಆಸೆಯಿಲ್ಲ. ಅದು ಯಾವುದರಿಂದ ಆಗಿದೆ ಎಂಬುದರ ಸುತ್ತಲೇ ನನ್ನ ತಲೆ ತಿರುಗುತ್ತಿರುತ್ತದೆ. ಕಂಚಲ್ಲ, ಅಮೃತಶಿಲೆಯಲ್ಲ. ಸಿಮೆಂಟು, ಮರಳು, ಜತೆಗೆ ಶಾಂತಿನಿಕೇತನವಿರುವ ಬೀರಭೂಮ ಜಿಲ್ಲೆಯ ನೆಲದಿಂದ ಬಾಚಿಕೊಂಡ ಕೆಂಪು ಜಲ್ಲಿ.

ಆ ಸೀಮೆಯ ನೆಲ ನಮ್ಮ ಕರಾವಳಿಯ ನೆಲದ ದಾಯಾದಿ. ಮಳೆ ನೀರು ಕೊರೆದುಕೊಂಡು ಹೋಗಿ ಉಂಟಾದ ಕೆಂಪು ಕೊರಕಲುಗಳಿಗೆ ಅಲ್ಲಿಯವರು ಖೋಯಾಯಿ ಎನ್ನುತ್ತಾರೆ. ಉಂಡೆ ಉಂಡೆಯಾದ ಮುರಜಲ್ಲಿ ಅಲ್ಲಿ ಕಾಲು ಕಾಲಿಗೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಲು ಹೊರಟ ಅದೇ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುವುದನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಪದವನ್ನೇ 1807ರ ತನ್ನ ಪುಸ್ತಕದಲ್ಲಿ ಅದಕ್ಕೆ ಅಂಟಿಸಿದ. ಮಲೆನಾಡಿನವರು ಜಂಬಿಟ್ಟಿಗೆ ಎನ್ನುವಾಗ ಆ ಇಟ್ಟಿಗೆಯನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದಾರೆ, ಲ್ಯಾಟಿನ್ನಿನ ಸಾಲ ಮಾಡದೆ. ಇರಲಿ, ಇದು ಅಡ್ಡಮಾತು.

ರಾಮಕಿಂಕರರು ಹುಟ್ಟಿದ್ದು 1906ರಲ್ಲಿ, ಬಂಗಾಳದ ಬಾಂಕುಡಾ ಪಟ್ಟಣದಲ್ಲಿ. ಕ್ಷೌರದ ವೃತ್ತಿಯ ಬಡ ಕುಟುಂಬ. ಹತ್ತಿರದಲ್ಲೇ ದೇವರ ಮೂರ್ತಿ ಮಾಡುವವರಿದ್ದರು. ದುರ್ಗೆಯ ಮೈಗೆ ಮಣ್ಣು ಮೆತ್ತುವುದನ್ನು ನೋಡುತ್ತ, ಅವರ ಕೈಕೆಳಗೆ ತಾನೂ ಮೆತ್ತುತ್ತ ಹುಡುಗ ಕಲಿತ. ಅಸಹಕಾರ ಚಳವಳಿಯ ಕಾಲಕ್ಕೆ ನಾಯಕರ ಭಾವಚಿತ್ರ ಬರೆದುಕೊಟ್ಟ. ನಾಟಕದವರಿಗೆ ಪರದೆ ಬರೆದ. ಬಾಂಕುಡಾದವರೇ ಆದ ರಾಮಾನಂದ ಚಟರ್ಜಿ, ‘ಮಾಡರ್ನ್ ರಿವ್ಯೂ’ ಮತ್ತು ‘ಪ್ರಬಾಸಿ’ ಪತ್ರಿಕೆಗಳ ಸಂಪಾದಕರು, ಈ ಹುಡುಗನ ಕೈಯನ್ನು ಗುರುತಿಸಿ 1925ರಲ್ಲಿ ಶಾಂತಿನಿಕೇತನಕ್ಕೆ ದಾರಿ ಮಾಡಿಕೊಟ್ಟರು. ಅಲ್ಲಿ ಕಲಾಭವನದ ಮುಖ್ಯಸ್ಥರು ನಂದಲಾಲ ಬೋಸ್. ಹುಡುಗ ತಂದ ಚಿತ್ರಗಳನ್ನು ನೋಡಿ, ಇಷ್ಟೆಲ್ಲ ಬರುವವನಿಗೆ ಇನ್ನೇನು ಕಲಿಸುವುದು, ಆಗಲಿ, ಎರಡು ಮೂರು ವರ್ಷ ಇರು ಎಂಬರ್ಥದ ಮಾತನ್ನು ಅವರು ಆಡಿದರಂತೆ. ಆ ಎರಡು ಮೂರು ವರ್ಷ ಇನ್ನೂ ಮುಗಿದೇ ಇಲ್ಲ ಎಂದು ರಾಮಕಿಂಕರರು ಮುಪ್ಪಿನಲ್ಲಿ ತಮಾಷೆ ಮಾಡುತ್ತಿದ್ದರು. 1980ರಲ್ಲಿ ಸಾಯುವವರೆಗೂ ಅದು ಮುಗಿಯಲಿಲ್ಲ.

ಇಲ್ಲಿ ನನಗೆ ನಮ್ಮ ವೆಂಕಟಪ್ಪನವರ ನೆನಪು ಬರುತ್ತದೆ. ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋದ ಕೆ. ವೆಂಕಟಪ್ಪ ಅಬನೀಂದ್ರನಾಥ ಠಾಕೂರರ ಬಳಿ ಕಲಿಯುವಾಗ ನಂದಲಾಲರು ಅವರ ಜತೆಗಾರರು. ವೆಂಕಟಪ್ಪನವರೂ ಚಿತ್ರ ಬರೆದರು, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು. ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಅವರ ಹೆಸರಿನ ಗ್ಯಾಲರಿಯಲ್ಲಿ ಆ ಕೆಲಸಗಳ ಮುಂದೆ ನಿಂತಾಗಲೆಲ್ಲ ನಾನು ಉಸಿರು ಬಿಗಿಹಿಡಿದಿರುತ್ತೇನೆ. ಅಷ್ಟು ನಯ, ಅಷ್ಟು ಎಚ್ಚರ. ದಿನಚರಿ ಬರೆದಿಟ್ಟ, ಬದುಕನ್ನು ಗೆರೆ ಎಳೆದಂತೆ ನಡೆಸಿದ ಮನುಷ್ಯ ಅವರು. ಆ ಜತೆಗಾರರಿಬ್ಬರಲ್ಲಿ ಒಬ್ಬರ ಶಿಷ್ಯ ರಾಮಕಿಂಕರ. ಗುರುವಿನ ಗೆಳೆಯನ ನಯವನ್ನೂ ಗುರುವಿನ ಮಡಿಯನ್ನೂ ಒಟ್ಟಿಗೆ ದಾಟಿದ ಶಿಷ್ಯ. ನಂದಲಾಲರಿಗೆ ತೈಲವರ್ಣ ಹಿಡಿಸುತ್ತಿರಲಿಲ್ಲ. ಅದು ಪರದೇಶದ ಬಣ್ಣವೆಂಬ ಮನೋಭಾವ ಆ ಬಳಗದಲ್ಲಿತ್ತು. ರಾಮಕಿಂಕರರು ಹಾಗಿದ್ದೂ ತೈಲವರ್ಣದಲ್ಲೇ ಬರೆದರು. ಗುರುವಿನೊಡನೆ ಜಗಳವಾಡಲಿಲ್ಲ, ಮಾತು ಕೇಳಲೂ ಇಲ್ಲ. ಗುರುವೂ ಶಿಷ್ಯನನ್ನು ಹೊರಗೆ ಹಾಕಲಿಲ್ಲ. ಇದು ನಂದಲಾಲರ ದೊಡ್ಡತನವೆಂದೇ ನನ್ನ ಎಣಿಕೆ, ಆ ಕಾಲದ ಗುರುಕುಲಗಳನ್ನು ನೆನೆದರೆ.

ಶಿಲ್ಪವನ್ನು ಕ್ರಮವಾಗಿ ಕಲಿಸುವವರು ಶಾಂತಿನಿಕೇತನದಲ್ಲಿ ಆಗ ಹೆಚ್ಚು ದಿನ ಇರುತ್ತಿರಲಿಲ್ಲ. ಆಸ್ಟ್ರಿಯದ ಲೀಸಾ ಫಾನ್ ಪಾಟ್ ಬಂದುಹೋದರು. ಫ್ರಾನ್ಸಿನ ಶಿಲ್ಪಿ ಬೂರ್ದೆಲ್‌ನ ಶಿಷ್ಯೆ, ಇಂಗ್ಲೆಂಡಿನ ಮಾರ್ಗರೆಟ್ ಮಿಲ್ವರ್ಡ್ ಬಂದುಹೋದರು. ಸಿಕ್ಕಿದ್ದನ್ನು ಸಿಕ್ಕಷ್ಟು ಹೀರಿಕೊಂಡು, ಉಳಿದದ್ದನ್ನು ರಾಮಕಿಂಕರರು ತಾವೇ ಹುಡುಕಿಕೊಂಡರು. ಕಂಚು ಎರಕ ಹೊಯ್ಯಿಸಲು ದುಡ್ಡೆಲ್ಲಿತ್ತು? ಅಮೃತಶಿಲೆ ತರಿಸುವ ಮಾತೇ ಇಲ್ಲ. ಹಾಗಾಗಿ ಕಬ್ಬಿಣದ ಸರಳು ಬಾಗಿಸಿ ಹಂದರ ಕಟ್ಟಿ, ಸಿಮೆಂಟು ಜಲ್ಲಿ ಕಲಸಿ, ಹಂದರದ ಮೇಲೆ ಕೈಯಿಂದಲೇ ಎಸೆದು, ಗಟ್ಟಿಯಾಗುವ ಮುಂಚೆ ಕೆತ್ತಿ, ಮೇಲೆ ಮತ್ತೆ ಎಸೆದು ಕೆಲಸ ಮಾಡಿದರು.

ಈ ‘ಎಸೆಯುವುದು’ ಏನೆಂದು ಗಾರೆ ಕೆಲಸ ನೋಡಿದವರಿಗೆ ಹೇಳಬೇಕಿಲ್ಲ. ಮೇಸ್ತ್ರಿ ಕರಣೆಯ ತುಂಬ ಗಾರೆ ತೆಗೆದುಕೊಂಡು ಮಣಿಕಟ್ಟನ್ನು ಒಮ್ಮೆ ತಿರುವಿ ಗೋಡೆಗೆ ಬಾರಿಸುತ್ತಾನೆ. ಚಪ್ ಎಂದು ಕೂರುತ್ತದೆ. ಮೆಲ್ಲಗೆ ಅಂಟಿಸಿದರೆ ಜಾರಿ ಬೀಳುತ್ತದೆ. ಎಷ್ಟು ಜೋರಾಗಿ ಹೊಡೆಯುತ್ತೀರೋ ಅಷ್ಟು ಭದ್ರ. ಮಾಡಿದ ಮೇಲೆ ಯೋಚಿಸಲು ಬಿಡುವಿಲ್ಲ, ಸಿಮೆಂಟು ಕಾಯುವುದಿಲ್ಲ. ಮೇಣದಲ್ಲೋ ಜೇಡಿಯಲ್ಲೋ ಮಾಡುವವನು ಮೂಗನ್ನು ಮೂರು ದಿನ ತಿದ್ದುತ್ತ ಕೂರಬಹುದು. ಸಿಮೆಂಟಿನಲ್ಲಿ ಮೂಗು ಇಷ್ಟೇ ಹೊತ್ತಿನಲ್ಲಿ ಮೂಗಾಗಬೇಕು. ‘ಸಂತಾಲ ಕುಟುಂಬ’ದ ಮುಖಗಳನ್ನು ಹತ್ತಿರದಿಂದ ನೋಡಿದರೆ ಕಣ್ಣು, ತುಟಿ ಎಲ್ಲ ಬರೀ ಸುಳಿವು. ಆದರೆ ಹತ್ತು ಹೆಜ್ಜೆ ಹಿಂದೆ ಸರಿಯಿರಿ: ಆ ಹೆಂಗಸಿನ ಕತ್ತು ಹೊರೆಯ ಭಾರಕ್ಕೆ ಹೇಗೆ ನೆಟ್ಟಗಾಗಿದೆ, ಸೊಂಟದ ಕೂಸಿನ ಕಡೆಗೆ ಮೈ ಎಷ್ಟು ವಾಲಿದೆ, ಎಲ್ಲವೂ ಕಾಣುತ್ತದೆ. ಕೊಡ ಹೊತ್ತು ಕೂಸು ಎತ್ತಿಕೊಂಡು ಗದ್ದೆಯಂಚಿನಲ್ಲಿ ನಡೆದವರನ್ನು ನೋಡಿದ್ದರೆ ಆ ವಾಲುವಿಕೆ ಸುಳ್ಳಲ್ಲವೆಂದು ಗೊತ್ತಾಗುತ್ತದೆ.

ದುಡ್ಡಿಲ್ಲದ್ದರಿಂದ ಸಿಮೆಂಟು ಎಂದು ಹೇಳಿ ಮುಗಿಸಿದರೆ ಅರ್ಧ ಸತ್ಯ. ಇದೇ ಕುಟುಂಬವನ್ನು ಹೊಳೆಯುವ ಅಮೃತಶಿಲೆಯಲ್ಲಿ ಕಲ್ಪಿಸಿಕೊಂಡು ನೋಡಿ. ಮೈದಾನಗಳಲ್ಲಿ ನಿಂತ ವೈಸ್‌ರಾಯ್‌ಗಳ ಪಕ್ಕದ ಸಾಲಿನಲ್ಲಿ ಇವರಿಗೂ ಒಂದು ಪೀಠ ಸಿಗುತ್ತಿತ್ತು, ಅಷ್ಟೇ. ಕೆಲಸ ಹುಡುಕಿಕೊಂಡು ಗಂಟುಮೂಟೆ ಕಟ್ಟಿ ಹೊರಟವರು ತಾವು ತುಳಿಯುವ ಜಲ್ಲಿಯಿಂದಲೇ ಎದ್ದು ನಿಂತಿರುವುದರಲ್ಲಿ ಆ ಶಿಲ್ಪದ ಜೀವವಿದೆ.

ಇದಕ್ಕೂ ಮೊದಲು, 1935ರಲ್ಲಿ, ನೀಲಗಿರಿ ಮರಗಳ ನಡುವೆ ಅವರೊಂದು ತೆಳ್ಳನೆಯ ಉದ್ದನೆಯ ಹೆಣ್ಣಿನ ಆಕೃತಿ ನಿಲ್ಲಿಸಿದ್ದರು. ಅದೂ ಒಂದು ನೀಲಗಿರಿ ಮರವೇ ಎಂಬಂತೆ ಮೇಲೆದ್ದು ನಿಂತಿದೆ. ಮಾದರಿ ಕಲಾಭವನದ ವಿದ್ಯಾರ್ಥಿನಿ ಜಯಾ ಅಪ್ಪಾಸ್ವಾಮಿ, ಮುಂದೆ ತಾವೇ ಹೆಸರಾಂತ ಕಲಾವಿದೆಯೂ ವಿಮರ್ಶಕಿಯೂ ಆದವರು. ತಲೆಯ ಮೇಲೊಂದು ಪಾಯಸದ ಪಾತ್ರೆ ಇಡು ಎಂದು ನಂದಲಾಲರು ಸೂಚಿಸಿದ ಮೇಲೆ ಅದು ಬುದ್ಧನಿಗೆ ಪಾಯಸ ತರುವ ಸುಜಾತೆಯಾಯಿತು. ಒಂದು ಪಾತ್ರೆಯಿಂದ ಹುಡುಗಿ ಪುರಾಣ ಸೇರಿಬಿಟ್ಟಳು! ಕೇಳದೆ ಮಾಡಿದ್ದಕ್ಕೆ ರವೀಂದ್ರನಾಥರು ಕರೆಸಿ ಬಯ್ಯುತ್ತಾರೆಂದು ರಾಮಕಿಂಕರ ಹೆದರಿಕೊಂಡೇ ಹೋದರಂತೆ. ಆಶ್ರಮವನ್ನೆಲ್ಲ ಇಂಥ ಮೂರ್ತಿಗಳಿಂದ ತುಂಬಿಸುವೆಯಾ ಎಂದು ಗುರುದೇವರು ಕೇಳಿದರಂತೆ. ಆಶ್ರಮದವರು ಹೇಳುತ್ತ ಬಂದ ಕತೆಯಿದು, ಹೇಳಿ ಹೇಳಿ ಸ್ವಲ್ಪ ನುಣುಪಾಗಿರಲೂಬಹುದು. ಆದರೆ ಅಂಗಳ ತುಂಬಿದ್ದು ನಿಜ. 1940ರಲ್ಲಿ ದೀಪಸ್ತಂಭ, ಯಾವ ಮನುಷ್ಯರೂಪವೂ ಇಲ್ಲದೆ ಬರೀ ತಿರುವುಗಳ ರಚನೆ. 1943ರಲ್ಲಿ, ಬಂಗಾಳ ಹಸಿವಿನಿಂದ ಸಾಯುತ್ತಿದ್ದ ವರ್ಷ, ಭತ್ತ ಬಡಿಯುವ ಹೆಂಗಸು. ಅವಳಿಗೆ ತಲೆಯೇ ಇಲ್ಲ. ತೋಳು, ತೊಡೆ, ಬಡಿಯುವ ರಭಸ ಮಾತ್ರ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1956ರ ‘ಗಿರಣಿಯ ಕರೆ’. ಅಕ್ಕಿ ಗಿರಣಿಯ ಸೈರನ್ ಕೂಗಿದೆ, ಇಬ್ಬರು ಸಂತಾಲ ಹೆಂಗಸರು ಓಡುತ್ತಿದ್ದಾರೆ, ಹಿಂದೆ ಮಗುವೊಂದು ಓಡುತ್ತಿದೆ. ಮಿಂದು ಬಂದವರಿಗೆ ಬಟ್ಟೆ ಒಣಗಿಸಲು ಸಮಯವಿಲ್ಲ. ಒದ್ದೆ ಸೀರೆಯನ್ನು ಗಾಳಿಗೆ ಬಿಟ್ಟುಕೊಂಡು ಓಡುತ್ತಲೇ ಒಣಗಿಸಿಕೊಳ್ಳುತ್ತಿದ್ದಾರೆ. ಸಿಮೆಂಟಿನ ಸೀರೆ ಅವರ ಹಿಂದೆ ಪಟಪಟನೆ ಹಾರುತ್ತಿದೆ. ಸಂತಾಲರನ್ನು ಕಾಡಿನ ಮುಗ್ಧರಂತೆ, ಕೊಳಲು ಹಿಡಿದ ಚಿತ್ರದಂತೆ ಬರೆಯುವುದು ಆಗಿನ ಬಂಗಾಳದ ಕಲೆಯಲ್ಲಿ ಹೊಸದೇನಲ್ಲ. ಇಲ್ಲಿ ಅವರು ಪಾಳಿ ತಪ್ಪಿದರೆ ಕೂಲಿ ತಪ್ಪುವ ಕಾರ್ಮಿಕರು. ಆದರೂ ನಗುಮುಖ, ಆದರೂ ಓಟದಲ್ಲೊಂದು ಗೆಲುವು. ಸೈರನ್ನಿಗೆ ಓಡುವವರಿಗೆ ಅಷ್ಟು ಗೆಲುವು ಇರುತ್ತದೆಯೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಬೆಳಗಿನ ಏಳು ಗಂಟೆಯ ಬಸ್ಸಿಗೆ ಗೋಡಂಬಿ ಕಾರ್ಖಾನೆಗೆ ಓಡುತ್ತಿದ್ದ ನಮ್ಮೂರಿನ ಹೆಂಗಸರಲ್ಲಿ ನಾನದನ್ನು ಕಂಡದ್ದು ಕಡಿಮೆ. ಅಥವಾ ನಾನು ಸರಿಯಾಗಿ ನೋಡಿರಲಿಲ್ಲವೋ ಏನೋ.

ಚಿತ್ರಗಳ ಕತೆ ಬೇರೆ. ಜಲವರ್ಣದಲ್ಲಿ ಬಯಲು, ಮರ, ದನ, ಗಾಳಿ. ತೈಲವರ್ಣದಲ್ಲಿ ಮುರಿದು ಕೂಡಿಸಿದ ಕೋನಗಳ ಆಕೃತಿಗಳು. ಮಣಿಪುರದ ರಾಜಮನೆತನದಿಂದ ಕಲಿಯಲು ಬಂದ ವಿನೋದಿನಿಯವರನ್ನು ಮತ್ತೆ ಮತ್ತೆ ಬರೆದರು. ಹೀಗೆ ಬರೆದದ್ದೆಲ್ಲ ಎಲ್ಲಿ ಹೋಯಿತು ಎಂದರೆ ಬಹಳಷ್ಟು ಮಾಡಿಗೆ ಹೋಯಿತು. ಉತ್ಪ್ರೇಕ್ಷೆಯಲ್ಲ. ಚಲನಚಿತ್ರ ನಿರ್ದೇಶಕ ಋತ್ವಿಕ್ ಘಟಕ್ 1975ರಲ್ಲಿ ಅವರ ಮೇಲೊಂದು ಸಾಕ್ಷ್ಯಚಿತ್ರ ತೆಗೆಯತೊಡಗಿದರು. ಮರುವರ್ಷವೇ ಘಟಕ್ ತೀರಿಕೊಂಡು ಅದು ಅರ್ಧಕ್ಕೆ ನಿಂತಿತು. ಅದರಲ್ಲಿ ರಾಮಕಿಂಕರರು ಹುಲ್ಲು ಹೊದೆಸಿದ ಮಾಡು ಸೋರುವುದನ್ನೂ, ಸೋರುವಲ್ಲಿ ತಮ್ಮ ತೈಲಚಿತ್ರಗಳನ್ನೇ ಸಿಕ್ಕಿಸುವುದನ್ನೂ ನಗುತ್ತ ಹೇಳುತ್ತಾರೆ. ಕ್ಯಾನ್ವಾಸು, ಅದರ ಮೇಲೆ ಎಣ್ಣೆಬಣ್ಣ, ನೀರು ಇಳಿಯುವುದಿಲ್ಲ. ಪದ್ಮಭೂಷಣ ಬಂದು ಆಗಲೇ ಐದು ವರ್ಷವಾಗಿತ್ತು.

ಈ ಪ್ರಸಂಗವನ್ನು ಜನ ಎರಡು ಬಗೆಯಲ್ಲಿ ಹೇಳುತ್ತಾರೆ. ಒಂದು, ಆಹಾ ಎಂಥ ಅವಧೂತ, ಎಂಥ ನಿರ್ಮೋಹಿ ಎಂದು. ಇನ್ನೊಂದು, ಛೇ, ದೇಶ ಇಂಥವರನ್ನು ಹೇಗೆ ನಡೆಸಿಕೊಂಡಿತು ಎಂದು. ಮೊದಲನೆಯದು ನನಗೆ ಸ್ವಲ್ಪವೂ ಸೇರುವುದಿಲ್ಲ. ಸೋರುವ ಮನೆಯಲ್ಲಿ ಮಳೆಗಾಲ ಕಳೆದವರು ಯಾರೂ ಅದನ್ನು ವೈರಾಗ್ಯವೆಂದು ಕರೆಯಲಾರರು. ಆ ಮಾಡಿನ ಕೆಳಗೆ ಅವರೊಬ್ಬರೇ ಇರಲಿಲ್ಲ. ಮದುವೆಯ ಶಾಸ್ತ್ರವಿಲ್ಲದೆ ದಶಕಗಳ ಕಾಲ ಅವರೊಂದಿಗೆ ಬಾಳಿದ, ಅವರ ಎಷ್ಟೋ ಕೆಲಸಗಳಿಗೆ ಮಾದರಿಯಾದ ರಾಧಾರಾಣಿ ದೇವಿ ಇದ್ದರು. ಸೋರುವ ನೀರಿಗೆ ಪಾತ್ರೆ ಇಟ್ಟು, ತುಂಬಿದ ಮೇಲೆ ಚೆಲ್ಲುತ್ತಿದ್ದವರು ಯಾರು ಎಂದು ಈ ಅವಧೂತನ ಕತೆ ಹೇಳುವವರು ಕೇಳುವುದಿಲ್ಲ. ಎರಡನೆಯ ಮಾತು ನ್ಯಾಯವಾದದ್ದೇ, ಆದರೆ ಅವರ ನಗು ಅದರಲ್ಲಿ ಸೇರುವುದಿಲ್ಲ. ನೋಡಿದ್ದನ್ನು ಹುಲಿಯ ಹಾಗೆ ಎರಗಿ ಹಿಡಿ, ಹಿಡಿದಾದ ಮೇಲೆ ಹಿಂತಿರುಗಿ ನೋಡಬೇಡ ಎಂದು ರವೀಂದ್ರನಾಥರು ಹೇಳಿದ್ದನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಬರೆಯುವ ತನಕ ಅದು ಅವರ ಚಿತ್ರ. ಬರೆದಾದ ಮೇಲೆ ನೀರಿಳಿಯದ ಬಟ್ಟೆ.

ಹಿಂತಿರುಗಿ ನೋಡಲೇಬೇಕಾಗಿ ಬಂದದ್ದು ದಿಲ್ಲಿಯ ಕೆಲಸದಲ್ಲಿ. ಸರ್ಕಾರಿ ಕಟ್ಟಡಗಳಲ್ಲಿ ಕಲಾವಿದರ ಕೆಲಸಕ್ಕೂ ಜಾಗವಿರಬೇಕೆಂಬುದು ನೆಹರೂ ಆಸೆ. ರಿಸರ್ವ್ ಬ್ಯಾಂಕಿನ ಹೊಸ ಕಟ್ಟಡದ ಬಾಗಿಲ ಎರಡು ಬದಿಗೆ ಯಕ್ಷ, ಯಕ್ಷಿಯರನ್ನು ನಿಲ್ಲಿಸಲು ಐವತ್ತರ ದಶಕದ ನಡುವೆ ಒಪ್ಪಿಕೊಂಡ ಕೆಲಸ 1967ರ ತನಕ ಎಳೆಯಿತು. ಈ ಸಲ ಕಲ್ಲೇ ಆಗಬೇಕಿತ್ತು. ತಕ್ಕ ಕಲ್ಲು ಹುಡುಕುತ್ತ ಅಲೆದು ಕೊನೆಗೆ ಕಾಂಗಡಾ ಕಣಿವೆಯ ಬೈಜನಾಥದ ಕಡೆ ಮರಳುಗಲ್ಲು ಗುರುತಿಸಿದರು. ಬಂಡೆಯನ್ನು ಅಖಂಡವಾಗಿ ಇಳಿಸುವಂತಿರಲಿಲ್ಲ. ಆ ಕಣಿವೆಯ ರೈಲು ಕಿರುಹಳಿಯದು. ತುಂಡು ಮಾಡಿ ತಂದು, ಜೋಡಿಸಿ, ಕೆತ್ತಿಸಿ ನಿಲ್ಲಿಸಿದರು. ಯಕ್ಷನಿಗೆ ಮಥುರೆಯ ವಸ್ತುಸಂಗ್ರಹಾಲಯದ ಪ್ರಾಚೀನ ಪಾರ್ಖಮ್ ಯಕ್ಷ ಮೂಲ. ಹೊಟ್ಟೆ ಬಿಟ್ಟುಕೊಂಡ ಕುಬೇರನ ಬಂಟನ ಕೈಗೆ ದುಡ್ಡಿನ ಚೀಲದ ಜತೆ ಯಂತ್ರದ ಹಲ್ಲುಚಕ್ರ ಬಂತು. ಯಕ್ಷಿಯ ಕೈಗೆ ಹೂವು, ತೆನೆಯ ಕಂತೆ. ಬತ್ತಲೆ ಹೆಣ್ಣನ್ನು ಬ್ಯಾಂಕಿನ ಮುಂದೆ ನಿಲ್ಲಿಸುವುದೇ ಎಂದು ಗದ್ದಲವಾಗಿ ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತು. ಬೇಲೂರಿನ ಮದನಿಕೆಯರನ್ನು ಮಕ್ಕಳ ಕೈಹಿಡಿದು ತೋರಿಸುವ ನಮಗೆ ಇದು ನಗೆಯ ಸಂಗತಿ.

ಪಟೇಲ್ ಚೌಕದ ಮೆಟ್ರೊ ಇಳಿದು ನಡೆಯುತ್ತ ಆ ಜೋಡಿಯನ್ನು ನಾನು ಹಲವು ಸಲ ನೋಡಿದ್ದೇನೆ. ಇಪ್ಪತ್ತು ಅಡಿಗೂ ಮಿಕ್ಕಿದ ಎತ್ತರ. ಗಂಭೀರವಾಗಿವೆ, ಬಲವಾಗಿವೆ. ಆದರೆ ಅವು ನಿಂತಿವೆ, ನಡೆಯುತ್ತಿಲ್ಲ. ಹತ್ತು ಹನ್ನೆರಡು ವರ್ಷ ಸಮಿತಿ, ಗುತ್ತಿಗೆ, ಕಲ್ಲುಕೋರೆ, ಲೆಕ್ಕಪತ್ರಗಳಲ್ಲಿ ಹೈರಾಣಾದ ಮನುಷ್ಯನ ಆಯಾಸ ಆ ಕಲ್ಲಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಕಲ್ಲು ಕಾಯುತ್ತದಲ್ಲ, ಸಿಮೆಂಟಿನ ಹಾಗಲ್ಲ.

ಗುವಾಹಟಿಯಲ್ಲಿ ಅವರ ವಿನ್ಯಾಸದ ಗಾಂಧಿಯಿದೆ. 2017ರಲ್ಲಿ, ಇದು ಗಾಂಧಿಯ ಹಾಗೆ ಕಾಣುವುದಿಲ್ಲ, ಕೈಕಾಲು ಸೊಟ್ಟಗಿದೆ, ತೆಗೆದು ಬೇರೆ ನಿಲ್ಲಿಸೋಣ ಎಂಬ ಮಾತು ಅಧಿಕಾರಿಗಳ ಮಟ್ಟದಲ್ಲೇ ಎದ್ದಿತು; ಕಲಾವಿದರು ತಿರುಗಿಬಿದ್ದರು. ಶಾಂತಿನಿಕೇತನದಲ್ಲಿರುವ ಗಾಂಧಿಯಂತೂ ತಲೆಬುರುಡೆಯೊಂದರ ಮೇಲೆ ಹೆಜ್ಜೆಯಿಟ್ಟು ನಡೆದಿದ್ದಾರೆ. ಬಂಗಾಳದ ನೌಖಾಲಿಯಲ್ಲಿ 1946ರ ಕೋಮುಗಲಭೆಯ ನೆತ್ತರು ಆರದ ಕಾಲದ ಕಲ್ಪನೆ ಅದು. ನಮ್ಮ ತಾಲೂಕು ಕಚೇರಿಗಳ ಮುಂದೆ ಬೆಳ್ಳಿಬಣ್ಣ ಬಳಿಸಿಕೊಂಡು ನಗುವ ಗಾಂಧಿಗಳಿಗೆ ಅಭ್ಯಾಸವಾದ ಕಣ್ಣಿಗೆ ಇದು ಕಷ್ಟವೇ.

1980ರ ಆಗಸ್ಟ್ 2ರಂದು ಕಲ್ಕತ್ತೆಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಈಗ ಶಾಂತಿನಿಕೇತನ ಯುನೆಸ್ಕೊ ಪಟ್ಟಿಯಲ್ಲಿದೆ, 2023ರಿಂದ. ‘ಸಂತಾಲ ಕುಟುಂಬ’ಕ್ಕೂ ‘ಗಿರಣಿಯ ಕರೆ’ಗೂ ಮಳೆ ಬಿಸಿಲು ತಾಗದಂತೆ ಮೇಲೆ ಮಾಡು ಕಟ್ಟಿದ್ದಾರೆ. ಕಟ್ಟದಿದ್ದರೆ ಆಗುತ್ತಿರಲಿಲ್ಲ. ಸಿಮೆಂಟು ಬಿರುಕು ಬಿಟ್ಟರೆ ನೀರು ಒಳಗಿಳಿದು ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಮೇಲಿನ ಜಲ್ಲಿಯನ್ನು ಸಿಡಿಸುತ್ತದೆ. ಮಾಡು ಸೋರದಂತೆ ಚಿತ್ರ ಸಿಕ್ಕಿಸಿದವನ ಶಿಲ್ಪಗಳಿಗೆ ಸೋರದ ಮಾಡು. ಅದರಡಿ ನಿಂತಾಗ ಬಯಲಿಗೆಂದು ಹೊರಟವರನ್ನು ಬಸ್ ನಿಲ್ದಾಣದಲ್ಲಿ ನಿಲ್ಲಿಸಿದ ಹಾಗೆ ಕಂಡಿತು. ನಾನು ಹೋದ ಮಧ್ಯಾಹ್ನ ಅಲ್ಲಿ ಯಾರೂ ಇರಲಿಲ್ಲ. ಕಲಾಭವನದ ಹುಡುಗಿಯೊಬ್ಬಳು ಸೈಕಲ್ಲಿಗೆ ಒರಗಿ ಆ ನಾಯಿಯ ಚಿತ್ರ ಬರೆಯುತ್ತಿದ್ದಳು, ಬರೀ ನಾಯಿಯದು.

ಊರಿಗೆ ಬಂದ ಮೇಲೆ ಅಜ್ಜಿಮನೆಗೆ ಹೋದೆ. ಅಜ್ಜಿ ಇಲ್ಲ. ಮಾವ ಮನೆ ರಿಪೇರಿಗೆ ತೆಗೆದುಕೊಂಡಿದ್ದರು. ಅಂಗಳದಲ್ಲಿ ಸಿಮೆಂಟಿನ ಚೀಲ, ಮರಳಿನ ರಾಶಿ. ಬಾವಿಕಟ್ಟೆಯಿಂದ ಅರ್ಧದವರೆಗೆ ಗೋಡೆ ಆಗಲೇ ಬೂದು ಬಣ್ಣಕ್ಕೆ ತಿರುಗಿತ್ತು. ಉಳಿದಷ್ಟನ್ನು ಹಾಗೇ ಬಿಡಬಹುದಲ್ಲ ಎಂದು ಮೇಸ್ತ್ರಿಯನ್ನು ಕೇಳಿದೆ. ಅವರು ಕರಣೆ ಕೆಳಗಿಡಲಿಲ್ಲ.

“ಬಿಡಬಹುದು ಮಾರಾಯರೇ. ಮಳೆ ನೀರು ಕುಡಿಯುತ್ತದೆ, ಅಷ್ಟೇ. ಮತ್ತೆ ನೀವು ಬೆಂಗಳೂರಿನಲ್ಲಿರುತ್ತೀರಿ, ಇಲ್ಲಿರುವವರು ನಿಮ್ಮ ಮಾವ.”

ಎಂದವರೇ ಗೋಡೆಗೆ ಎರಡು ಚೊಂಬು ನೀರು ಎರಚಿದರು. ಒಣಗಿದ ಮುರಕಲ್ಲು ಒಂದು ಕ್ಷಣ ರಕ್ತದಷ್ಟು ಕೆಂಪಾಯಿತು. ಕರಣೆ ತುಂಬ ಗಾರೆ ತೆಗೆದರು, ಮಣಿಕಟ್ಟು ತಿರುಗಿತು, ಚಪ್.